ಭಾಷಾ ಗಡಿಗಳ ನಡುವಿನ ನಾಯಕ: ಸ್ವಾಮಿ ರಾಮಾನಂದ ತೀರ್ಥರ ಮರು ಓದು

ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಬರುವ ಸಂಶೋಧಕರ ಗಮನವು ಸಾಮಾನ್ಯವಾಗಿ ಅಲ್ಲಿನ ಪ್ರಾಚೀನ ದೇವಾಲಯಗಳ ಮೇಲೆಯೇ ನೆಲೆಗೊಳ್ಳುತ್ತದೆ. ನೆರೆಯ ಸುರಪುರದ ಮಾತು ಬಂದಾಗ 1857-58ರ ರಾಜಾ ವೆಂಕಟಪ್ಪ ನಾಯಕನ ಪ್ರತಿರೋಧ ಹಾಗೂ ಮೆಡೋಸ್ ಟೇಲರನ ಬರಹಗಳು ಚರ್ಚೆಗೆ ಒಳಗಾಗುತ್ತವೆ. ಆದರೆ ಸುರಪುರ ಸಂಸ್ಥಾನವು 1860ರಲ್ಲಿ ನಿಜಾಮನ ಅಧೀನಕ್ಕೆ ಬಂದ ಮೇಲಿನ ಕಾಲಘಟ್ಟ, ಅದರಲ್ಲಿಯೂ ಸಂಸ್ಥಾನದ ಜನತೆ ಆಧುನಿಕ ರಾಜಕಾರಣಕ್ಕೆ ತೆರೆದುಕೊಂಡ 1930ರಿಂದ 1956ರವರೆಗಿನ ಅವಧಿ, ಶಾಸನ ಮತ್ತು ಶಿಲ್ಪಗಳಿಗೆ ದೊರೆತಷ್ಟು ಆಸ್ಥೆಯನ್ನು ಪಡೆದಿಲ್ಲ. ಈ ಅಸಮತೋಲನದ ಸ್ವರೂಪವನ್ನು ಅರಿಯಲು ಸ್ವಾಮಿ ರಾಮಾನಂದ ತೀರ್ಥರ ರಾಜಕೀಯ ಬದುಕು ಸೂಕ್ತ ನಿದರ್ಶನವಾಗಿದೆ.

1903ರಲ್ಲಿ ಸಿಂದಗಿಯಲ್ಲಿ ಜನಿಸಿದ ವೆಂಕಟೇಶ ಖೇಡಗೀಕರರು ಸೊಲ್ಲಾಪುರ, ಅಮಳನೇರ, ಪುಣೆಗಳಲ್ಲಿ ಶಿಕ್ಷಣ ಪಡೆದು, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರೊಡನೆ ಕೆಲಸ ಮಾಡಿದರು. ಅನಂತರ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಅಧ್ಯಾಪಕರಾದರು. 1932ರಲ್ಲಿ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರೆನಿಸಿದರು. ಅವರ ಪಾಲಿಗೆ ಕಾವಿಯು ಲೋಕವಿಮುಖತೆಯ ಗುರುತಾಗದೆ, ಸಾರ್ವಜನಿಕ ಕಾರ್ಯಕ್ಕೆ ಪೂರ್ಣವಾಗಿ ಒಪ್ಪಿಸಿಕೊಂಡುದರ ಗುರುತಾಯಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ವಿಧಿವತ್ತಾಗಿ ಅಸ್ತಿತ್ವಕ್ಕೆ ಬರುವ ಮೊದಲೇ ನಿಜಾಮ ಸರ್ಕಾರ ಅದನ್ನು ನಿಷೇಧಿಸಿದಾಗ ನಡೆದ ಸತ್ಯಾಗ್ರಹದಲ್ಲಿ ಅವರು ಸೆರೆವಾಸ ಅನುಭವಿಸಿದರು.

ಕಾಂಗ್ರೆಸ್ಸಿನ ಮೇಲೆ ನಿಷೇಧವಿದ್ದ ಕಾಲದಲ್ಲಿ ಕರ್ನಾಟಕ ಪರಿಷತ್ತು, ಮಹಾರಾಷ್ಟ್ರ ಪರಿಷತ್ತು ಹಾಗೂ ಆಂಧ್ರ ಮಹಾಸಭೆಗಳು ಸಂಸ್ಥಾನದ ಜನರ ರಾಜಕೀಯ ವೇದಿಕೆಗಳಾಗಿ ಪರಿಣಮಿಸಿದವು. ಹೀಗಾಗಿ ಇಲ್ಲಿ ಭಾಷಾ ಪ್ರಜ್ಞೆ ಮತ್ತು ಜವಾಬ್ದಾರಿ ಸರ್ಕಾರದ ಬೇಡಿಕೆಗಳು ಜೊತೆಜೊತೆಯಾಗಿ ಬೆಳೆದವು. 1946ರಲ್ಲಿ ನಿಷೇಧ ತೆರವಾದ ಮೇಲೆ ಈ ಮೂರು ಪ್ರವಾಹಗಳನ್ನು ಒಂದೇ ಸಂಘಟನೆಯಲ್ಲಿ ಹಿಡಿದಿಡುವ ಹೊಣೆ ಅಧ್ಯಕ್ಷರಾಗಿ ರಾಮಾನಂದ ತೀರ್ಥರ ಮೇಲೆ ಬಿದ್ದಿತು. 1947ರ ಆಗಸ್ಟ್ 15ರಂದು ಅವರ ಬಂಧನವಾಯಿತು. ಯಥಾಸ್ಥಿತಿ ಒಪ್ಪಂದದ ವೇಳೆಗೆ ಬಿಡುಗಡೆ ಹೊಂದಿದರೂ 1948ರ ಜನವರಿಯಲ್ಲಿ ಮತ್ತೆ ಬಂಧಿತರಾಗಿ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೂ ಸೆರೆಯಲ್ಲಿದ್ದರು. ಅಳವಂಡಿ ಶಿವಮೂರ್ತಿ ಸ್ವಾಮಿಯವರ ಮುಂಡರಗಿ ಶಿಬಿರವೂ ಸೇರಿದಂತೆ ಗಡಿ ಶಿಬಿರಗಳ ಚಟುವಟಿಕೆ ತೀವ್ರವಾಗಿದ್ದ ಅದೇ ತಿಂಗಳುಗಳಲ್ಲಿ ಚಳವಳಿಯ ಅಧ್ಯಕ್ಷರು ಗೋಡೆಯ ಆಚೆಗಿದ್ದರು. ನಾಯಕನ ಜೀವನ ಚರಿತ್ರೆಯನ್ನೇ ಹೋರಾಟದ ಚರಿತ್ರೆಯೆಂದು ಭಾವಿಸಲಾಗದು ಎಂಬುದಕ್ಕೆ ಈ ಒಂದು ಸಂಗತಿಯೇ ಸಾಕು.

ಅವರ ಜೀವನದ ಮುಖ್ಯ ವೈರುಧ್ಯ ಕಾಣುವುದು ಅನಂತರದ ವರ್ಷಗಳಲ್ಲಿ. 1952ರಲ್ಲಿ ಅವರು ಗುಲಬರ್ಗಾ ಕ್ಷೇತ್ರದಿಂದ ಮೊದಲ ಲೋಕಸಭೆಗೆ ಆಯ್ಕೆಯಾದರು. ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿ ಪದವಿಯು ಪಕ್ಷದೊಳಗಿನ ಮತ್ತೊಂದು ಗುಂಪಿನ ನಾಯಕರಾದ ಬೂರ್ಗುಲ ರಾಮಕೃಷ್ಣ ರಾಯರಿಗೆ ದೊರೆಯಿತು. ಹೈದರಾಬಾದ್ ರಾಜ್ಯ ಒಡೆಯುವುದು ನೆಹರೂ ಅವರಿಗೆ ಇಷ್ಟವಿರಲಿಲ್ಲ. ಆದರೂ ರಾಮಾನಂದ ತೀರ್ಥರು ಅದರ ಭಾಷಾವಾರು ವಿಭಜನೆಯ ಪರವಾಗಿ ನಿಂತರು. 1956ರ ನವೆಂಬರ್ 1ರಂದು ಅವರ ನಿಲುವು ಕಾರ್ಯರೂಪಕ್ಕೆ ಬಂದಾಗ, ಅವರ ನಾಯಕತ್ವಕ್ಕೆ ಆಧಾರವಾಗಿದ್ದ ತ್ರಿಭಾಷಾ ರಾಜ್ಯವೇ ಇಲ್ಲವಾಯಿತು. 1957ರಲ್ಲಿ ಅವರು ಔರಂಗಾಬಾದಿನಿಂದ ಲೋಕಸಭೆಗೆ ಹೋದರು, 1972ರಲ್ಲಿ ನಿಧನರಾದರು. ಮಂತ್ರಿ ಪದವಿಯು ಅವರ ಬದುಕಿನಲ್ಲಿ ಬರಲೇ ಇಲ್ಲ.

ಈ ಸಂದರ್ಭದಲ್ಲಿ ಐರ್ಲೆಂಡಿನ ಇಮಾನ್ ಡಿ ವೆಲೆರಾನ ನೆನಪು ಅಪ್ರಸ್ತುತವಾಗಲಾರದು. ಆತನೂ ಅಧ್ಯಾಪಕನಾಗಿದ್ದು, 1916ರ ದಂಗೆಯ ಮೂಲಕ ಸೆರೆಮನೆಯ ಹಾದಿಯಲ್ಲಿ ರಾಜಕಾರಣಕ್ಕೆ ಬಂದವನು. ನ್ಯೂಯಾರ್ಕಿನಲ್ಲಿ ಹುಟ್ಟಿಯೂ ಐರ್ಲೆಂಡಿನ ನಾಯಕನಾದವನು. ಆದರೆ 1932ರಿಂದ ಆತ ದೀರ್ಘಕಾಲ ಅಧಿಕಾರದಲ್ಲಿದ್ದನು. ಆತನ ರಾಷ್ಟ್ರವು ಆತನನ್ನು ಹೊಗಳಿತು, ಮುಂದೆ ಅಷ್ಟೇ ನಿಷ್ಠುರವಾಗಿ ವಿಮರ್ಶಿಸಿತು. ರಾಮಾನಂದ ತೀರ್ಥರ ಹಿಂದೆ ಅಂತಹ ಒಂದು ರಾಷ್ಟ್ರ-ರಾಜ್ಯವಾಗಲಿ, ಒಂದೇ ಭಾಷೆಯ ವಿದ್ವತ್ಪರಂಪರೆಯಾಗಲಿ ಉಳಿಯಲಿಲ್ಲ. ನಾಂದೇಡದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಕನ್ನಡದಲ್ಲಿ ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಸೆಪ್ಟೆಂಬರ್ 17ರ ಭಾಷಣಗಳಲ್ಲಿ.

ಅವರು ಮರಾಠಿ ನಾಯಕರಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಸಿಂದಗಿಯ ಜನನವನ್ನು ಮುಂದೊಡ್ಡಿ ಅವರನ್ನು ಕನ್ನಡಿಗರೆಂದು ಸಾಧಿಸುವುದು ಇದಕ್ಕೆ ತಕ್ಕ ಉತ್ತರವಲ್ಲ. ಹಾಗೆ ಮಾಡಿದರೆ ಸಂಶೋಧನೆಯು ಗಡಿ ವಿವಾದದ ಮತ್ತೊಂದು ರೂಪವಾಗುತ್ತದೆ. ಶಿರವಾಳ, ಶಹಾಪುರ, ಸುರಪುರಗಳು ಇಂದು ಕರ್ನಾಟಕದಲ್ಲಿರುವುದಕ್ಕೆ ಕಾರಣವಾದ ನಿರ್ಣಯಗಳಲ್ಲಿ ಅವರ ನಿಲುವಿನ ಪಾಲಿದೆ. ಆ ಕಾರಣಕ್ಕಾಗಿ ಅವರು ಕನ್ನಡ ಅಧ್ಯಯನದ ವಸ್ತುವಾಗಬೇಕು. ಏಕೀಕರಣದ ಚರಿತ್ರೆಯನ್ನು ಧಾರವಾಡ, ಬೆಂಗಳೂರುಗಳಿಂದ ಮಾತ್ರ ನೋಡುವ ಕ್ರಮವು ಹೈದರಾಬಾದಿನಲ್ಲಿ ನಡೆದ ಈ ವಾಗ್ವಾದವನ್ನು ಅಡಿಟಿಪ್ಪಣಿಗೆ ಇಳಿಸಿಬಿಡುತ್ತದೆ.

ಇನ್ನೊಂದು ಕಠಿಣ ಸಂಗತಿಯನ್ನೂ ಎದುರಿಸಬೇಕಾಗಿದೆ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಜನಮನದಲ್ಲಿ ಇಂದಿಗೂ ಮಾಸಿಲ್ಲ. ಅದೇ ವರ್ಷದ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಕುರಿತು ಪಂಡಿತ ಸುಂದರಲಾಲ್ ಸಮಿತಿಯು ಸರ್ಕಾರಕ್ಕೆ ವರದಿ ಸಲ್ಲಿಸಿತು. ಸಂಸ್ಥಾನದಾದ್ಯಂತ ಕನಿಷ್ಠ 27ರಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿದ ಆ ವರದಿ, ಅತ್ಯಂತ ಹೆಚ್ಚು ಬಾಧೆಗೊಳಗಾದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳನ್ನೂ ಹೆಸರಿಸಿತು. ಈ ಎರಡೂ ದುಃಖಗಳಲ್ಲಿ ಒಂದನ್ನು ಮಾತ್ರ ದಾಖಲಿಸುವ ಚರಿತ್ರೆ ಅಪೂರ್ಣ. 'ವಿಮೋಚನೆ', 'ವಿಲೀನ' ಎಂಬ ಪದಗಳ ನಡುವಿನ ಆಯ್ಕೆಯೂ ಕೇವಲ ಪಾರಿಭಾಷಿಕವಲ್ಲ; ಯಾರ ಅನುಭವವನ್ನು ಚರಿತ್ರೆಯೆಂದು ಒಪ್ಪಲಾಗುತ್ತದೆ ಎಂಬ ಪ್ರಶ್ನೆ ಅದರಲ್ಲಿದೆ. ರಾಮಾನಂದ ತೀರ್ಥರನ್ನು ಪೂಜ್ಯ ಸ್ಥಾನದಲ್ಲಿರಿಸುವ ಬರವಣಿಗೆ ಈ ಪ್ರಶ್ನೆಯನ್ನು ಅವರ ಎದುರಿಗೆ ಇರಿಸಲಾರದು.

ಆದ್ದರಿಂದ ಕನ್ನಡ ವಿಭಾಗಗಳ ಮುಂದಿರುವ ಕಾರ್ಯ ಸ್ಪಷ್ಟವಾಗಿದೆ. 1967ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ನೆನಪುಗಳನ್ನು ಸಂಸ್ಥಾನದ ಉರ್ದು ಕಡತಗಳು, ಮರಾಠಿ ಮತ್ತು ತೆಲುಗು ಕಥನಗಳು ಹಾಗೂ ಕನ್ನಡ ಹೋರಾಟಗಾರರ ಆತ್ಮಕಥನಗಳೊಡನೆ ಇಟ್ಟು ಓದಬೇಕು. ಹಳಗನ್ನಡಕ್ಕೆ ಸಂಸ್ಕೃತ, ಪ್ರಾಕೃತಗಳು ಎಷ್ಟು ಅಗತ್ಯವೋ, ಈ ಪ್ರದೇಶದ ಆಧುನಿಕ ಚರಿತ್ರೆಗೆ ಉರ್ದು ಅಷ್ಟೇ ಅಗತ್ಯ. ಸಂಶೋಧನಾ ವಿದ್ಯಾರ್ಥಿಗಳಿಗೆ ಆ ಲಿಪಿಯ ತರಬೇತಿ ದೊರೆಯದೆ ಈ ಕೆಲಸ ಮುಂದುವರಿಯದು. ಆ ಕಾಲವನ್ನು ಕಣ್ಣಾರೆ ಕಂಡವರು ವಿರಳವಾಗುತ್ತಿರುವುದರಿಂದ ಹಳ್ಳಿಗಳ ಮೌಖಿಕ ನೆನಪುಗಳ ಸಂಗ್ರಹಕ್ಕೆ ಉಳಿದಿರುವ ಸಮಯವೂ ಕಡಿಮೆ. ಶಿರವಾಳದ ಕಲ್ಲುಗಳು ಮುಂದಿನ ತಲೆಮಾರಿನ ಸಂಶೋಧಕರಿಗೂ ಕಾಯಬಲ್ಲವು; ಅಲ್ಲಿನ ಹಿರಿಯರ ನೆನಪುಗಳಿಗೆ ಆ ಅವಕಾಶವಿಲ್ಲ.