ಚಕ್ರ ದೊಡ್ಡದಾಯಿತು, ನಡುಕವೂ ಬಂತು

ಕಾರಿಗೆ ದೊಡ್ಡ ಅಲಾಯ್ ಚಕ್ರ ಹಾಕಿಸಿಕೊಂಡ ಕೆಲವರಿಗೆ ಒಂದು ವಿಚಿತ್ರ ತೊಂದರೆ ಕಾಣಿಸುತ್ತದೆ. ಅಜ್ಜಂಪುರದ ಪೇಟೆಯೊಳಗೆ ಕಾರು ಸಲೀಸಾಗಿ ಓಡುತ್ತದೆ. ತರೀಕೆರೆ ಸೇರಿ, ಕಡೂರಿನತ್ತ ಹೆದ್ದಾರಿಯಲ್ಲಿ ವೇಗ 80 ಕಿ.ಮೀ. ಮುಟ್ಟಿತೆಂದರೆ ಸ್ಟಿಯರಿಂಗ್ ಗಡಗಡ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ಕೆಲವೊಮ್ಮೆ ನಡುಕ ಹೋಗುವುದಿಲ್ಲ. ಏನಿದರ ಮರ್ಮ?

ವಿದ್ಯಾರ್ಥಿ ಮಿತ್ರರೇ, ಇದಕ್ಕೆ ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ವೃತ್ತಾಕಾರವಾಗಿ ಸುತ್ತುವ ವಸ್ತುವಿನ ಮೇಲಿನ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ವೇಗ ಮೂರರಷ್ಟಾದರೆ ಬಲ ಒಂಬತ್ತರಷ್ಟು.

ಲೆಕ್ಕ ಹಾಕಿ ನೋಡೋಣ. ಟಯರಿನ ಮೇಲೆ 195/55 ಆರ್ 16 ಎಂದು ಬರೆದಿದೆ ಎನ್ನಿ. ಅಗಲ 195 ಮಿ.ಮೀ.; ಪಕ್ಕದ ಎತ್ತರ ಅದರ ಶೇಕಡ 55; ರಿಮ್ಮಿನ ವ್ಯಾಸ 16 ಅಂಗುಲ. ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರು. ಆಗ ಈ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತುತ್ತದೆ. ರಿಮ್ಮಿನ ಒಂದು ಕಡೆ ಬರೀ 20 ಗ್ರಾಂ ತೂಕ ಹೆಚ್ಚಿದ್ದರೆ, ಅದು ಸುಮಾರು 26 ನ್ಯೂಟನ್ ಬಲದಿಂದ, ಅಂದರೆ ಎರಡೂವರೆ ಕಿಲೋಗೂ ಮಿಕ್ಕಿದ ಭಾರದಂತೆ, ಚಕ್ರವನ್ನು ಎಳೆದಾಡುತ್ತದೆ. ಅದೇ ಚಕ್ರ ಎತ್ತಿನ ಗಾಡಿಯ ನಡಿಗೆಯಲ್ಲಿ, ಗಂಟೆಗೆ ನಾಲ್ಕೂವರೆ ಕಿ.ಮೀ. ವೇಗದಲ್ಲಿ, ಉರುಳಿದರೆ ಈ ಬಲ 400ರಲ್ಲಿ ಒಂದು ಪಾಲು ಮಾತ್ರ. ಅಮೃತಮಹಲ್ ಎತ್ತುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಗಾಡಿಯ ಗಾಲಿಗೆ ಯಾರೂ ಸೀಸದ ತುಂಡು ಅಂಟಿಸಲಿಲ್ಲ; ಅದರ ಅಗತ್ಯವೇ ಇರಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಎತ್ತರಕ್ಕೇರುತ್ತದೆ. ಸ್ಪ್ರಿಂಗು, ಚಕ್ರಗಳ ಜೋಡಣೆಗೂ ತನ್ನದೇ ಲಯವುಂಟು. ಚಕ್ರದ ಸುತ್ತು ಆ ಲಯಕ್ಕೆ ಕೂಡಿಕೊಂಡಾಗ ನಡುಕ ಜೋರಾಗುತ್ತದೆ. ಇದೇ ಅನುರಣನೆ. ಒಂದು ವೇಗದಲ್ಲಿ ನಡುಗುವ ಕಾರು ಅದನ್ನು ದಾಟಿದ ಮೇಲೆ ಕೊಂಚ ಶಾಂತವಾಗುವುದು ಇದರಿಂದಲೇ.

ಸರಿ, ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದಿದ್ದರೆ? ಚಕ್ರದ ನಡುವಿನ ರಂಧ್ರವನ್ನು ನೋಡಬೇಕು. ಬೇರೆ ಬೇರೆ ಕಾರುಗಳಿಗೆ ಹೊಂದಲೆಂದು ಹೊರಗೆ ಮಾರುವ ಅನೇಕ ಅಲಾಯ್ ಚಕ್ರಗಳಲ್ಲಿ ಈ ರಂಧ್ರ ದೊಡ್ಡದಿರುತ್ತದೆ. ರಂಧ್ರ 73.1 ಮಿ.ಮೀ., ಕಾರಿನ ಹಬ್ 54.1 ಮಿ.ಮೀ. ಇದ್ದರೆ ಸುತ್ತಲೂ ಒಂಬತ್ತೂವರೆ ಮಿ.ಮೀ. ಸಂದು. ಆಗ ಚಕ್ರವನ್ನು ನಡುವಿಗೆ ತರುವ ಹೊಣೆಯೆಲ್ಲ ನಟ್ಟುಗಳದು. ಟಯರೂ ಸೇರಿ 18 ಕಿಲೋ ತೂಗುವ ಚಕ್ರ ಅರ್ಧ ಮಿ.ಮೀ. ಸರಿದು ಕುಳಿತರೂ ಸಾಕು, ರಿಮ್ಮಿಗೆ 45 ಗ್ರಾಂ ತೂಕ ಅಂಟಿಸಿದಷ್ಟೇ ಅಸಮತೋಲ. ಬ್ಯಾಲೆನ್ಸಿಂಗ್ ಯಂತ್ರಕ್ಕೆ ಇದು ಕಾಣುವುದಿಲ್ಲ. ಅಲ್ಲಿ ಚಕ್ರ ಯಂತ್ರದ ಶಂಕುವಿನ ಮೇಲೆ ನಡುವಿಗೇ ಕೂರುತ್ತದೆ. ಕಾರಿನಲ್ಲಿ ಬೇರೆ ಕಡೆ ಕೂರುತ್ತದೆ. ತೂಗಿದ ಕೇಂದ್ರ ಒಂದು, ತಿರುಗುವ ಕೇಂದ್ರ ಇನ್ನೊಂದು!

ಪರಿಹಾರ ಸುಲಭ. ಸಂದನ್ನು ತುಂಬಲು ಸರಿಯಾದ ಅಳತೆಯ ಬಳೆಯಂಥ ಹಬ್ ರಿಂಗು ಸಿಗುತ್ತದೆ. ಚಕ್ರ ಕೂರುವ ಜಾಗದ ತುಕ್ಕು, ಮಣ್ಣು ಉಜ್ಜಿ ತೆಗೆದು ಅದನ್ನು ಹಾಕಿಸಿ. ಹೊಸ ರಿಮ್ಮಿಗೆ ಹೊಂದುವ ಆಕಾರದ ನಟ್ಟುಗಳನ್ನೇ ಬಳಸಿ. ಕಾರು ಜಾಕಿಯ ಮೇಲಿರುವಾಗಲೇ ಎದುರುಬದುರಿನ ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿದು, ಕೆಳಗಿಳಿಸಿದ ಮೇಲೆ ಕಾರಿನ ಕೈಪಿಡಿ ಹೇಳಿದಷ್ಟು ಬಿಗಿ ಕೊಡಿ. ಐವತ್ತು, ನೂರು ಕಿ.ಮೀ. ಓಡಿದ ನಂತರ ಮತ್ತೊಮ್ಮೆ ಪರೀಕ್ಷಿಸಿ.

ಆಮೇಲೂ ನಡುಗಿದರೆ ಹೀಗೆ ಗಮನಿಸಿ. ಸ್ಟಿಯರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನ ಚಕ್ರ ಎಂದು ಸಾಮಾನ್ಯವಾಗಿ ಊಹಿಸಬಹುದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕ್ ನೋಡಿಸಿ. ಕಾರು ಒಂದು ಪಕ್ಕಕ್ಕೆ ಎಳೆದರೆ ಅದು ಅಲೈನ್‌ಮೆಂಟಿನ ಮಾತು, ಬೇರೆಯೇ ಕೆಲಸ. ಗುಂಡಿಗೆ ಬಿದ್ದು ಬಾಗಿದ ರಿಮ್ಮಿಗೆ, ಉಬ್ಬಿದ ಟಯರಿಗೆ ಬ್ಯಾಲೆನ್ಸಿಂಗ್ ಮದ್ದಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ; ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದುಡ್ಡೂ ಹೋಯಿತು, ಕಾರಣವೂ ತಿಳಿಯಲಿಲ್ಲ.

ಪೋಷಕರಿಗೆ ಒಂದು ಮಾತು. ನಡುಕವನ್ನು ‘ರೂಢಿಯಾಗುತ್ತದೆ’ ಎಂದು ಬಿಡಬೇಡಿ. ನಟ್ಟು ಸಡಿಲವಾದರೂ ಕಾರು ನಡುಗುತ್ತದೆ. ಹೆದ್ದಾರಿಯಲ್ಲಿ ಚಕ್ರ ಕಳಚಿದರೆ ಒಳಗಿರುವವರಿಗೂ ಎದುರು ಬರುವವರಿಗೂ ಅಪಾಯ. ಹಠಾತ್ತನೆ ನಡುಕ ಶುರುವಾದರೆ ವೇಗ ತಗ್ಗಿಸಿ, ಪಕ್ಕಕ್ಕೆ ನಿಲ್ಲಿಸಿ, ನಟ್ಟು ನೋಡಿ.

ಮಾಡಿ ನೋಡಿ: ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ. ಹಿಂದಿನ ಚಕ್ರದ ಒಂದು ಕಡ್ಡಿಗೆ, ರಿಮ್ಮಿನ ಹತ್ತಿರ, ಒಂದು ಕಬ್ಬಿಣದ ನಟ್ಟನ್ನು ಭದ್ರವಾಗಿ ಕಟ್ಟಿ. ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಆಮೇಲೆ ಜೋರಾಗಿ. ಬೆರಳು ಕಡ್ಡಿಗಳಿಂದ ದೂರವಿರಲಿ. ಸೈಕಲ್ಲು ಯಾವಾಗ ಅಲುಗುತ್ತದೆ? ಎದುರು ಬದಿಗೆ ಅಷ್ಟೇ ತೂಕದ ಇನ್ನೊಂದು ನಟ್ಟು ಕಟ್ಟಿ ಮತ್ತೆ ತಿರುಗಿಸಿ. ಬಳಿಕ ಮೇಲಿನ ಕಾರಿನ ಚಕ್ರದ ಬಲ 60 ಕಿ.ಮೀ. ವೇಗದಲ್ಲಿ ಎಷ್ಟೆಂದು ಲೆಕ್ಕ ಹಾಕಿ. ಹನ್ನೊಂದೂವರೆ ನ್ಯೂಟನ್ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ.