ಮನೆವಾರ್ತೆ: ಹೆಣ್ಣುನಾಯಿಯ ಶುಶ್ರೂಷೆ

ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಹೆಣ್ಣುನಾಯಿಯು ಮೊದಲ ದಿನ ಮಂಕಾಗಿ ಮಲಗಿರುವುದು ಸಹಜ. ಗೃಹಸ್ಥರು ಹೆಚ್ಚು ಎಚ್ಚರದಿಂದಿರಬೇಕಾದುದು ಅದು ಚೇತರಿಸಿಕೊಂಡು ಓಡಬಯಸುವ ಮೂರನೆಯ ನಾಲ್ಕನೆಯ ದಿನದಲ್ಲಿ. ಏಕೆಂದರೆ, ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದ ಉದರದಲ್ಲಿ ಕಣ್ಣಿಗೆ ಕಾಣದ ಒಳಹೊಲಿಗೆಗಳೂ ಇರುತ್ತವೆ. ಆದುದರಿಂದ 10ರಿಂದ 14 ದಿನಗಳವರೆಗೆ ಓಟ, ನೆಗೆತ, ಸ್ನಾನಗಳು ವರ್ಜ್ಯ. ಮಲಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ಮೆಲ್ಲನೆ ನಡೆಸತಕ್ಕದ್ದು.

ನೆಕ್ಕಿದರೆ ಗಾಯ ಮಾಯುವುದೆಂಬ ಲೋಕರೂಢಿಯನ್ನು ನಂಬಲಾಗದು. ನೆಕ್ಕುವುದರಿಂದ ಹೊಲಿಗೆ ಬಿಚ್ಚಿ ನಂಜೇರಬಹುದು. ವೈದ್ಯರು ತೊಡಿಸಿದ ಆಲಿಕೆಯಾಕಾರದ ಕೊರಳಪಟ್ಟಿಯನ್ನು ಮರುಕದಿಂದ ಕಳಚಬಾರದು. ಮೊದಲ ರಾತ್ರಿ ಆಹಾರ ಮಿತವಾಗಿರಲಿ. ನೋವಿಗೆಂದು ನಾವು ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳನ್ನು ಎಂದಿಗೂ ಕೊಡಕೂಡದು. ಅವು ನಾಯಿಗೆ ವಿಷವಾಗಬಲ್ಲವು. ಪಶುವೈದ್ಯರು ಕೊಟ್ಟ ಔಷಧವೊಂದೇ ಗತಿ.

ದಿನಕ್ಕೆ 2 ಸಲ ಗಾಯವನ್ನು ನೋಡಿರಿ. ಅಲ್ಪಸ್ವಲ್ಪ ಕೆಂಪಿಗೆ ಅಂಜಬೇಕಾಗಿಲ್ಲ. ಆದರೆ ಕೀವು, ರಕ್ತಸ್ರಾವ, ಬಿಚ್ಚಿದ ಹೊಲಿಗೆ, ಬಿಳಿಚಿದ ಒಸಡು, ಬಿಡದ ವಾಂತಿ, ಒಂದು ದಿನ ಮೀರಿದ ನಿರಾಹಾರ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಮಾತಿಲ್ಲದ ಪ್ರಾಣಿಯನ್ನು ಮನೆಗೆ ತಂದ ಮೇಲೆ ಅದರ ನೋವನ್ನು ಕಂಡು ಹೇಳತಕ್ಕವರು ನಾವೇ ಅಲ್ಲವೇ?