ಮಜ್ಜಿಗೆ ಕುಡಿದ ಚಾಂಪಿಯನ್, ಕೊಬ್ಬರಿ ಕಟ್ಟಿದ ಹೋರಿ

ಮಕ್ಕಳೇ, ಕಾರ್ ರೇಸ್ ಗೆದ್ದವರು ಏನು ಕುಡಿಯುತ್ತಾರೆ, ಹೇಳಿ ನೋಡೋಣ. ಟಿವಿಯಲ್ಲಿ ನೋಡಿದವರು ನೊರೆ ಚಿಮ್ಮುವ ಶಾಂಪೇನ್ ಎನ್ನುತ್ತೀರಿ. ಆದರೆ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನಲ್ಲಿ ಗೆದ್ದವರ ಕೈಗೆ ಕೊಡುವುದು ಹಾಲಿನ ಬಾಟಲಿ!

1911ರಲ್ಲಿ ಶುರುವಾದ ಈ ರೇಸಿನ ದೂರ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್. 1936ರಲ್ಲಿ ಮೂರನೇ ಸಲ ಗೆದ್ದ ಲೂಯಿ ಮೇಯರ್ ಕಾರಿನಿಂದ ಇಳಿದವನೇ ಗಟಗಟ ಮಜ್ಜಿಗೆ ಕುಡಿದ. ಬಿಸಿಲಿನಲ್ಲಿ ದಣಿದಾಗ ಮಜ್ಜಿಗೆ ಕುಡಿಯಬೇಕೆಂದು ಅವನ ತಾಯಿ ಹೇಳಿಕೊಟ್ಟಿದ್ದಳಂತೆ. ನಮ್ಮ ಕಡೆಯ ಅವ್ವಂದಿರೂ ಹೇಳುವುದು ಅದನ್ನೇ ಅಲ್ಲವೇ? ಆ ಫೋಟೊ ಕಂಡ ಹಾಲಿನ ಉದ್ಯಮದವರು ಅದನ್ನೊಂದು ಪದ್ಧತಿಯಾಗಿಸಿದರು. ನಡುವೆ ಕೆಲವು ವರ್ಷ ನಿಂತಿತ್ತು. 1956ರಿಂದ ಮತ್ತೆ ನಡೆದುಬಂದಿದೆ. 1993ರಲ್ಲಿ ಗೆದ್ದ ಬ್ರೆಜಿಲ್ ದೇಶದ ಎಮರ್ಸನ್ ಫಿಟ್ಟಿಪಾಲ್ಡಿ ಮೊದಲು ಕಿತ್ತಳೆ ರಸ ಕುಡಿದ. ಅವನಿಗೆ ಊರಲ್ಲಿ ಕಿತ್ತಳೆ ತೋಟವಿತ್ತು. ಅಭಿಮಾನಿಗಳು ಸಿಟ್ಟಾಗಿ ಹುಯಿಲೆಬ್ಬಿಸಿದರು.

ಒಂದು ಬಾಟಲಿ ಹಾಲಿಗೆ ಇಷ್ಟು ಸಿಟ್ಟೇ ಎಂದು ನಗಬೇಡಿ. ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಒಂದು ಕೊಬ್ಬರಿ ಬಟ್ಟಲಿಗಾಗಿ ಓಡುವ ಹೋರಿಯ ಕೊರಳಿಗೇ ಕೈ ಹಾಕುವವರಿದ್ದಾರೆ. ಅದೇ ಹೋರಿ ಹಬ್ಬ. ಇದು ಎಂಜಿನ್ ಇಲ್ಲದ ರೇಸ್, ಅಭಿಮಾನ ಮಾತ್ರ ಅಷ್ಟೇ ಜೋರು.

ದೀಪಾವಳಿಯ ಬಲಿಪಾಡ್ಯಮಿ ಹೊತ್ತಿಗೆ ಹಬ್ಬ ಶುರು. ಮುಂದೆ ಕೆಲವು ತಿಂಗಳು ಒಂದೂರಾದ ಮೇಲೆ ಒಂದೂರಿನಲ್ಲಿ ನಡೆಯುತ್ತದೆ. ಹೋರಿಯ ಮೈತೊಳೆದು, ಕೊರಳಿಗೆ ಒಣಕೊಬ್ಬರಿ ಹಾರ ಕಟ್ಟಿ, ಮೈಮೇಲೆ ಜೂಲು ಹೊದಿಸಿ, ಕೊಂಬಿಗೆ ರಿಬ್ಬನ್, ಬಲೂನು ಕಟ್ಟುತ್ತಾರೆ. ಒಂದೊಂದೇ ಹೋರಿಯನ್ನು ಅಖಾಡಕ್ಕೆ ಬಿಡುತ್ತಾರೆ. ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಯಾರಿಗೂ ಸಿಗದೆ ದಾಟಿದ ಹೋರಿ ಗೆದ್ದಂತೆ. ಹರಿದರೆ ಹರಿದವನಿಗೆ ಶಹಬ್ಬಾಸ್! ಅಂಗಡಿಯಲ್ಲಿ ಸಿಗುವ ಕೊಬ್ಬರಿಯೇ ಆದರೂ, ಅಖಾಡದಿಂದ ತಂದದ್ದರ ರುಚಿಯೇ ಬೇರೆ.

ಓಟದ ಹೋರಿಯನ್ನು ಮನೆಯ ಮಗನ ಹಾಗೆ ಸಾಕುತ್ತಾರೆ. ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸುತ್ತಾರೆ, ಕೆರೆಯಲ್ಲಿ ಈಜಾಡಿಸುತ್ತಾರೆ. ಅದಕ್ಕೊಂದು ಗತ್ತಿನ ಹೆಸರು. ಆ ಹೆಸರು ಅಚ್ಚು ಹಾಕಿದ ಟೀ ಶರ್ಟು ಅಭಿಮಾನಿಗಳ ಮೈಮೇಲೆ. ಸುತ್ತ ಹಲಗೆ ಬಡಿತ, ಬಾವುಟ, ಸಿನಿಮಾ ನಟರ ಫೋಟೊ. ನೋಡುವವರ ಕೈಯಲ್ಲಿ ಚುರುಮರಿ, ಮಿರ್ಚಿ, ಸವಣೂರ ಖಾರದ ಪೊಟ್ಟಣ.

ಈ ಸಡಗರದಲ್ಲಿ ಒಂದು ಮಾತು ಮರೆತುಹೋಗುತ್ತದೆ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ಹಾಯ್ದು ಜನ ಸತ್ತರು. ಅವರಲ್ಲಿ ಕೊಬ್ಬರಿಯ ಆಸೆಯೇ ಇಲ್ಲದ, ತಮ್ಮ ಪಾಡಿಗೆ ತಾವಿದ್ದ ಹಿರಿಯರೂ ಇದ್ದರು.

ಲೆಕ್ಕ ಹಾಕೋಣ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಹೋರಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎನ್ನಿ. 30,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿದರೆ, ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು. 3 ಸೆಕೆಂಡಿಗೆ 25 ಮೀಟರ್! ಜೇಬಿನಿಂದ ಮೊಬೈಲ್ ತೆಗೆಯುವುದರೊಳಗೆ ದೂರದಲ್ಲಿದ್ದ ಹೋರಿ ನಿಮ್ಮೆದುರು ನಿಂತಿರುತ್ತದೆ.

ಕಾರ್ ರೇಸಿನವರೂ ಇದನ್ನು ಕಲಿತದ್ದು ದುಬಾರಿ ಬೆಲೆ ತೆತ್ತು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ರೇಸಿನಲ್ಲಿ ಕಾರೊಂದರ ತುಣುಕುಗಳು ಜನರ ಮೇಲೆ ಸಿಡಿದು 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಆಮೇಲೆ ಕಾರು ನಿಲ್ಲುವ ಜಾಗವನ್ನೂ ಪ್ರೇಕ್ಷಕರ ಗ್ಯಾಲರಿಯನ್ನೂ ಕೆಡವಿ ಹೊಸದಾಗಿ ಕಟ್ಟಿದರು. ರೇಸ್ ಈಗಲೂ ನಡೆಯುತ್ತದೆ, ಅಭಿಮಾನಿಗಳು ಈಗಲೂ ಸೇರುತ್ತಾರೆ.

ನಮ್ಮ ಹಬ್ಬವೂ ಉಳಿಯಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಓಟಗಳನ್ನು ತಡೆದಿತ್ತು. 2017ರಲ್ಲಿ ಕರ್ನಾಟಕವು ಕಂಬಳ ಮತ್ತು ಎತ್ತಿನ ಓಟಕ್ಕೆಂದು ಕಾನೂನು ತಿದ್ದಿತು. 2023ರ ಮೇ 18ರಂದು ಅದೇ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸಿಕ್ಕ ಅನುಮತಿಯನ್ನು ಉಳಿಸಿಕೊಳ್ಳುವುದು ನಮ್ಮ ನಡತೆಯ ಮೇಲಿದೆ.

ಆದ್ದರಿಂದ ಹೋರಿ ಅಭಿಮಾನಿಗಳಿಗೆ ಈ ಅಜ್ಜನ ನಾಲ್ಕು ಮಾತು:

ಬೇಲಿಯ ಹೊರಗೇ ನಿಲ್ಲಿ. ಬೇಲಿ ಇಲ್ಲದ ಕಡೆ ನಿಲ್ಲಲೇಬೇಡಿ.

ಹೋರಿ ಓಡಿ ಮುಗಿದ ಮೇಲೂ ದಾರಿಗೆ ಇಳಿಯಬೇಡಿ. ಹಿಂದೆ ಇನ್ನೊಂದು ಬರುತ್ತಿರಬಹುದು.

ಹೋರಿಯ ಕಿವಿ ಹತ್ತಿರ ಪಟಾಕಿ ಹಚ್ಚುವವರನ್ನು, ಬಾಲ ತಿರುವುವವರನ್ನು ಕಂಡರೆ ದೊಡ್ಡವರಿಗೆ ಹೇಳಿ.

ಅಜ್ಜ-ಅಜ್ಜಿಯರು ದಾರಿ ಬದಿಯ ಕಟ್ಟೆ ಮೇಲೆ ಕೂತಿದ್ದರೆ ಕೈಹಿಡಿದು ಒಳಗೆ ಕರೆತನ್ನಿ.

ಹಬ್ಬದ ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಅಣ್ಣ ಹರಿದು ತಂದ ಕೊಬ್ಬರಿಗೆ ಬೆಲ್ಲ ಸೇರಿಸಿ ಹಂಚಿ ತಿನ್ನಿ. ಸಿಗದಿದ್ದರೆ ಮಜ್ಜಿಗೆ ಇದ್ದೇ ಇದೆ!